ಬಾಯಿ ಕಟ್ಟು ಅಂದವರಿಗೆ

ನಾನು ಹಸಿವಿನ ಮೇಲೆ ಕವಿತೆ ಬರೆದವನು. ಇದುವರೆಗೆ ಬರೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅವೇ. ಆ ಕವಿತೆಗಳಲ್ಲಿ ಒಂದು ಸುಲಭದ ಲೆಕ್ಕ ಇತ್ತು. ಬೊಜ್ಜು ಅಂದರೆ ಧಣಿ, ಎಲುಬು ಅಂದರೆ ನಾವು. ಡೊಳ್ಳು ಹೊಟ್ಟೆಯೊಂದನ್ನು ತಂದು ನಿಲ್ಲಿಸಿದರೆ ಸಾಕು, ಕೇಳುವ ಜನ ಚಪ್ಪಾಳೆ ತಟ್ಟುತ್ತಿದ್ದರು. ಈ ಲೆಕ್ಕ ತಪ್ಪು ಅಂತ ನನಗೆ ತೋರಿಸಿಕೊಟ್ಟವಳು ನಮ್ಮವ್ವ. ನನ್ನ ಕವಿತೆ ಓದಿ ಅಲ್ಲ, ಅವಳಿಗೆ ಓದು ಅಷ್ಟಕ್ಕಷ್ಟೆ. ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಿಂತು. ಎತ್ತರ 150 ಸೆಂಟಿಮೀಟರು, ತೂಕ 71 ಕೆ.ಜಿ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆಯಲ್ಲಿ 9.2. ಆರೂವರೆ ದಾಟಿದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ.

ತೂಕ ಇಳಿಸುವ ವಿಷಯ ಬರೀತೀನಿ ಅಂದಾಗ ಗೆಳೆಯರು ನಕ್ಕರು. 'ಅದನ್ನ ವಾರಪತ್ರಿಕೆಯ ಮಹಿಳಾ ಪುಟಕ್ಕೆ ಕಳಿಸು ಮಾರಾಯ, ನಮ್ಮ ಪತ್ರಿಕೆಗೆ ಯಾಕೆ?' ಅಂದರು. ಯಾಕೆ ಅಂದರೆ, ಸಕ್ಕರೆ ಈಗ ಧಣಿಗಳ ಮನೆಯ ಕಾಯಿಲೆಯಾಗಿ ಉಳಿದಿಲ್ಲ. 2023ರಲ್ಲಿ ಪ್ರಕಟವಾದ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ, ಇಂಡಿಯಾದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಈ ಕಾಯಿಲೆ ಇದೆ ಅಂದಿತು. ಅದರಲ್ಲಿ ನಮ್ಮ ಕೇರಿಯೂ ಇದೆ. ಹಿಂದೆ ಗೋಡೆಯ ಗೂಡಿನಲ್ಲಿ ಎಲೆ ಅಡಿಕೆ ಚೀಲ ಇರುತ್ತಿತ್ತು, ಈಗ ಅದರ ಪಕ್ಕದಲ್ಲಿ ಸಕ್ಕರೆ ಮಾತ್ರೆಯ ಪಟ್ಟಿ ಇದೆ.

ಆ ದಿನ ಆಸ್ಪತ್ರೆಯಲ್ಲಿ ನಡೆದದ್ದು ಇಷ್ಟು. ಡಾಕ್ಟರು ಚೀಟಿ ನೋಡಿದರು, ಅವ್ವನನ್ನು ಕಾಲಿಂದ ತಲೆವರೆಗೆ ನೋಡಿದರು. 'ಬಾಯಿ ಕಟ್ಟಬೇಕಮ್ಮ. ಸಿಕ್ಕಿದ್ದೆಲ್ಲ ತಿಂದರೆ ಇನ್ನೇನಾಗುತ್ತೆ?' ಅಂದರು. ಅವ್ವ 'ಊಂ ಸಾ' ಅಂದಳು. ನಾನು ಎಂ.ಎ. ಮಾಡಿದವನು, ಅವಳ ಹಿಂದೆ ಸುಮ್ಮನೆ ನಿಂತಿದ್ದೆ. ಬಸ್ಸಿನಲ್ಲಿ ಬರುವಾಗ ಅವ್ವ ಕಿಟಕಿ ಕಡೆ ಮುಖ ಮಾಡಿಕೊಂಡು ಒಂದೇ ಮಾತು ಅಂದಳು: 'ಸಿಕ್ಕಿದ್ದೆಲ್ಲ ತಿಂದೆ ಅಂತಾನಲ್ಲ ಮಗ, ನಂಗೆ ಯಾವಾಗ ಸಿಕ್ಕಿತ್ತು?'

ಕಣದಲ್ಲಿ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುತ್ತಾರೆ. ಕಾಲಡಿ ಬಿದ್ದಿರುವ ತೆನೆಗೆ ಅದು ಬಾಯಿ ಹಾಕಬಾರದು. ಅದೇ ಕಣದಲ್ಲಿ ನಮ್ಮಜ್ಜಿ ತೂರುತ್ತಿದ್ದಳು, ಕೇರುತ್ತಿದ್ದಳು. ಸಂಜೆ ಮೊರದಲ್ಲಿ ಕೊಟ್ಟಷ್ಟು ತರುತ್ತಿದ್ದಳು. ಇನ್ನೊಂದು ಹಿಡಿ ಕೇಳಿದರೆ 'ಕಮ್ಮಿ ಉಣ್ಣೋದ ಕಲೀರಿ' ಅನ್ನುವ ಮಾತು. ನಮ್ಮ ಮನೆಯಲ್ಲಿ 'ಕಮ್ಮಿ ಉಣ್ಣು' ಅನ್ನುವುದು ಆರೋಗ್ಯದ ಮಾತಲ್ಲ, ಧಣಿಯ ಮಾತು. ಮೂರು ತಲೆಮಾರು ಕೇಳಿದ ಆ ಮಾತನ್ನೇ ಬಿಳಿ ಕೋಟು ಹಾಕಿಕೊಂಡು ಹೇಳಿದರೆ ಅದು ಔಷಧಿಯಾಗಿ ಒಳಗೆ ಇಳಿಯುವುದಿಲ್ಲ.

ಡಾಕ್ಟರ ಮುಂದಿನ ಕೋಣೆಯಲ್ಲಿ ಒಬ್ಬರು ಮೇಡಮ್ಮು ಊಟದ ಪಟ್ಟಿ ಕೊಟ್ಟರು. ಪಟ್ಟಿ ಇಂಗ್ಲಿಷಿನಲ್ಲಿತ್ತು. ಓಟ್ಸ್, ಕೆನೆ ತೆಗೆದ ಹಾಲು, ಆಲಿವ್ ಎಣ್ಣೆ, ನೆನೆಸಿದ ಬಾದಾಮಿ ಆರು, ಸಂಜೆಗೆ ಹಸಿರು ಚಹಾ. ಎಲ್ಲ ಸೇರಿ ದಿನಕ್ಕೆ 1200 ಕ್ಯಾಲರಿ. ಕೆಳಗೆ ಕೆಂಪು ಶಾಯಿಯಲ್ಲಿ 'ಮಾಂಸ ಬೇಡ' ಅಂತ. ಮೇಡಮ್ಮು 'ನಾನ್‌ವೆಜ್ ತಿಂತೀರಾ, ಯಾವುದು?' ಅಂತ ಕೇಳಿದರು. ಅವ್ವ ನನ್ನ ಮುಖ ನೋಡಿದಳು. 'ಕೋಳಿ, ಯಾವಾಗ್ಲೋ ಒಂದ್ಸಲ' ಅಂದಳು. ನಮ್ಮ ಮನೆಗೆ ಬರುತ್ತಿದ್ದದ್ದು ದೊಡ್ಡ ಮಾಂಸ. ಅದನ್ನು ಹೇಳಿದರೆ ಆ ಕೋಣೆಯಲ್ಲಿ ನಮ್ಮ ಜಾತಿ ಹೇಳಿದ ಹಾಗೆ. ಹೀಗೆ, ಕಾಯಿಲೆಗೆ ಮೊದಲ ಮದ್ದು ಕೊಡುವ ಹೊತ್ತಿನಲ್ಲೇ ನಾವು ಸುಳ್ಳು ಹೇಳಿದೆವು. ತಟ್ಟೆಯ ನಿಜ ಹೇಳಲಾಗದ ಕಡೆ ತಟ್ಟೆ ತಿದ್ದುವುದು ಹೇಗೆ?

ಮನೆಗೆ ಬಂದು ಪಟ್ಟಿ ಓದಿ ಹೇಳಿದಾಗ ಅಜ್ಜಿಗೆ ಸಿಟ್ಟು ಬಂತು. 'ಯಾಕ್ಲಾ, ನನ್ ಮಗಳನ್ನ ಉಪಾಸ ಕೆಡವ್ತೀಯೇನ್ಲಾ? ಇಸ್ಕೂಲು ಓದ್ಸಿದ್ದು ಇದಕ್ಕೇನ್ಲಾ?' ಅಂದಳು. ಅಜ್ಜಿಯ ಸಿಟ್ಟಿಗೆ ಕಾರಣ ಇದೆ. 1965-66ರ ಬರಗಾಲ ಅವಳಿಗೆ ಇವತ್ತಿಗೂ ನೆನ್ನೆ ಮೊನ್ನೆಯದು. ಅಮೆರಿಕದಿಂದ ಹಡಗಿನಲ್ಲಿ ಬಂದ ಧಾನ್ಯಕ್ಕೆ ಸಾಲು ನಿಂತವಳು, ಅದೂ ಸಿಗದ ದಿನ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಮಲಗಿದವಳು. ಅವಳ ಲೆಕ್ಕದಲ್ಲಿ ಮಗಳು ಮೈಕೈ ತುಂಬಿಕೊಂಡಿರುವುದು ಬದುಕಿನ ಒಂದೇ ಗೆಲುವು.

ನಮ್ಮ ಮಾತನ್ನೇ ನೋಡಿ. ಯಾರಾದರೂ ಸಣ್ಣಗಾದರೆ ನಮ್ಮೂರಿನಲ್ಲಿ 'ಯಾಕವ್ವ ಬಡವಾಗೋದೆ' ಅಂತಾರೆ. ಸಣ್ಣಗಾಗುವುದಕ್ಕೂ ಕೈ ಬರಿದಾಗುವುದಕ್ಕೂ ಒಂದೇ ಮಾತು. ಪೇಟೆಯವರು ದುಡ್ಡು ಕೊಟ್ಟು ಬಡವಾಗಲು ಹೋಗುತ್ತಾರೆ. ನಮ್ಮವರು ಬಡವಾಗದೆ ಇರಲು ಜೀವ ತೇಯ್ದರು.

ಮೊದಲನೇ ಸಲ ಅವ್ವ ತನಗೆ ತಿಳಿದ ಹಾಗೆ ಮಾಡಿದಳು. ಪಟ್ಟಿಯ ಸಾಮಾನು ತರುವ ದುಡ್ಡು ಇರಲಿಲ್ಲ. ಆದರೆ ಪಟ್ಟಿಯ ಸಾರಾಂಶ ಅವಳಿಗೆ ಅರ್ಥವಾಗಿತ್ತು: ಉಣ್ಣಬೇಡ. ಬೆಳಗ್ಗೆ ಬರೀ ಕಾಫಿ. ಮಧ್ಯಾಹ್ನ ಅರ್ಧ ಮುದ್ದೆ. ರಾತ್ರಿ ಒಂದು ಲೋಟ ಮಜ್ಜಿಗೆ. ನಾಲ್ಕು ತಿಂಗಳಲ್ಲಿ 71 ಇದ್ದದ್ದು 63ಕ್ಕೆ ಬಂತು. ಆಸ್ಪತ್ರೆಯಲ್ಲಿ 'ವೆರಿ ಗುಡ್' ಅಂದರು. ಗಾರ್ಮೆಂಟ್ಸಿನ ಹೆಂಗಸರು ರವಿಕೆ ಸಡಿಲವಾದದ್ದು ನೋಡಿ ಹೇಗೆ ಅಂತ ಕೇಳಿದರು. ಐದನೇ ತಿಂಗಳು ಒಂದು ಮಧ್ಯಾಹ್ನ ಹೊಲಿಗೆ ಮಿಷಿನ್ನಿನ ಮೇಲೆ ಬಿದ್ದಳು. ಮೈಯೆಲ್ಲ ಬೆವರು, ಕೈ ನಡುಕ. ಸೂಪರ್‌ವೈಸರ್ 'ಟಾರ್ಗೆಟ್ ಮುಗಿಸಲಾಗದೆ ನಾಟಕ' ಅಂದನಂತೆ. ಪಕ್ಕದವಳೊಬ್ಬಳು ಬಾಯಿಗೆ ಸಕ್ಕರೆ ಹಾಕಿ ಉಳಿಸಿದಳು. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಬಾಯಿ ಕಟ್ಟು ಅಂದಿದ್ದರು, ಅಷ್ಟೆ.

ಆಮೇಲೆ ಅವ್ವ ಹೆದರಿ ಮತ್ತೆ ಉಣ್ಣತೊಡಗಿದಳು. ಒಂದು ವರ್ಷದೊಳಗೆ ತೂಕ 73. ಹೊರಟ ಕಡೆಗಿಂತ ಎರಡು ಹೆಚ್ಚು. ಆಸ್ಪತ್ರೆಯಲ್ಲಿ 'ಮನಸ್ಸು ಗಟ್ಟಿ ಇಲ್ಲ' ಅಂದರು. ಮೂರು ಮಕ್ಕಳನ್ನು ಕೂಲಿಯಲ್ಲಿ ಸಾಕಿದವಳ ಮನಸ್ಸು ಗಟ್ಟಿ ಇಲ್ಲವಂತೆ. ಈ ಮಾತು ಮಾತ್ರ ನನಗೆ ತಡೆಯಲಾಗಲಿಲ್ಲ. ಹೋಗಿ ಲೈಬ್ರರಿಯಲ್ಲಿ ಕೂತೆ.

ಅಲ್ಲಿ ಸಿಕ್ಕಿದ ಮೊದಲ ಸಂಗತಿ ಎರಡನೇ ಮಹಾಯುದ್ಧದ ಕಾಲದ್ದು. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಜನ ಯುವಕರ ಮೇಲೆ ಒಂದು ಪ್ರಯೋಗ ಮಾಡಿದ. ಕೊಲ್ಲುವುದು ತಪ್ಪು ಅಂತ ಯುದ್ಧಕ್ಕೆ ಹೋಗಲು ಒಪ್ಪದವರು ಅವರು, ತಾವಾಗಿ ಬಂದವರು. 24 ವಾರ ಅವರಿಗೆ ದಿನಕ್ಕೆ 1600 ಕ್ಯಾಲರಿಯ ಆಸುಪಾಸಿನ ಊಟ ಕೊಟ್ಟರು, ವಾರಕ್ಕೆ 35 ಕಿಲೋಮೀಟರು ನಡೆಸಿದರು. ಮೈತೂಕದಲ್ಲಿ ಕಾಲು ಭಾಗ ಹೋಯಿತು. ಅದರ ಜೊತೆಗೆ ಬೇರೆಯದೂ ಆಯಿತು. ಆ ಯುವಕರಿಗೆ ಊಟದ ಚಿಂತೆ ಬಿಟ್ಟು ಬೇರೆ ಚಿಂತೆ ಇಲ್ಲವಾಯಿತು. ಅಡುಗೆ ಪುಸ್ತಕ ಕೂಡಿಹಾಕಿದರು, ತಟ್ಟೆ ನೆಕ್ಕಿದರು, ಚಳಿ ಚಳಿ ಅಂದರು, ಎದೆಬಡಿತ ನಿಧಾನವಾಯಿತು. ಪ್ರಯೋಗ ಮುಗಿದು ಊಟ ಬಿಟ್ಟಾಗ ಎಷ್ಟು ಉಂಡರೂ ಹೊಟ್ಟೆ ತುಂಬದವರು ಇದ್ದರು. ಹೋದ ತೂಕ ವಾಪಸು ಬರುವಾಗ ಮಾಂಸಖಂಡಕ್ಕಿಂತ ಮುಂಚೆ ಕೊಬ್ಬು ಬಂತು. ಅವರು ಎತ್ತರದ ಗಂಡಸರು, ಅವ್ವನಿಗೆ ಪೂರ್ತಿ ಹೋಲಿಸುವುದು ಸರಿಯಲ್ಲ. ಆದರೂ ಅವ್ವನ ಪಟ್ಟಿಯಲ್ಲಿ 1200 ಇತ್ತು ಅನ್ನುವುದನ್ನು ಮರೆಯಲಾರೆ.

2011ರಲ್ಲಿ ಆಸ್ಟ್ರೇಲಿಯಾದವರು ಪ್ರಕಟಿಸಿದ್ದು ಇನ್ನೂ ಸ್ಪಷ್ಟ. ದಪ್ಪಗಿದ್ದ 50 ಜನಕ್ಕೆ ಹತ್ತು ವಾರ ಕಡಿಮೆ ಊಟ ಕೊಟ್ಟು ತೂಕ ಇಳಿಸಿದರು. ಒಂದು ವರ್ಷ ಬಿಟ್ಟು ರಕ್ತ ನೋಡಿದರೆ, ಹಸಿವು ಕೆರಳಿಸುವ ರಸ ಇನ್ನೂ ಹೆಚ್ಚಾಗೇ ಇತ್ತು, ಹೊಟ್ಟೆ ತುಂಬಿತು ಅಂತ ಹೇಳುವ ರಸ ಇನ್ನೂ ಕಡಿಮೆಯೇ ಇತ್ತು. 2016ರಲ್ಲಿ ಅಮೆರಿಕದ ಒಂದು ಟಿ.ವಿ. ಸ್ಪರ್ಧೆಯಲ್ಲಿ ತೂಕ ಇಳಿಸಿದ್ದ 14 ಜನರನ್ನು ಆರು ವರ್ಷದ ಮೇಲೆ ಮತ್ತೆ ಪರೀಕ್ಷೆ ಮಾಡಿದ ವರದಿ ಬಂತು. ಇಳಿಸಿದ್ದರಲ್ಲಿ ಬಹುಪಾಲು ತೂಕ ಮರಳಿ ಬಂದಿತ್ತು. ಅಷ್ಟಾದರೂ ಅವರ ಮೈ, ಅದೇ ಗಾತ್ರದ ಬೇರೆಯವರ ಮೈ ಸುಡುವುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಸುಡುತ್ತಿತ್ತು.

ಇದನ್ನೆಲ್ಲ ಓದಿದಾಗ ನನಗೆ ಅಳು ಬಂತು, ಸಮಾಧಾನವೂ ಆಯಿತು. ಅವ್ವನ ಮನಸ್ಸು ಸೋತದ್ದಲ್ಲ, ಅವಳ ಮೈ ತನ್ನ ಕೆಲಸ ಮಾಡಿತ್ತು. ಮೈಗೆ ಡಾಕ್ಟರ ಚೀಟಿಯೂ ಗೊತ್ತಿಲ್ಲ, ಬರಗಾಲವೂ ಗೊತ್ತಿಲ್ಲ. ಅನ್ನ ಬರುವುದು ನಿಂತಿತು ಅನ್ನುವುದಷ್ಟೇ ಅದಕ್ಕೆ ಗೊತ್ತು. ಆಗ ಅದು ಬೆಂಕಿ ತಗ್ಗಿಸುತ್ತದೆ, ಹಸಿವು ಏರಿಸುತ್ತದೆ, ಸಿಕ್ಕಿದ್ದನ್ನು ಕೂಡಿಡುತ್ತದೆ. ಆ ಗುಣ ಇದ್ದದ್ದರಿಂದಲೇ ಬರಗಾಲಗಳನ್ನು ದಾಟಿ ಅಜ್ಜಿ ಉಳಿದಳು, ಅವ್ವ ಹುಟ್ಟಿದಳು, ನಾನು ಇದನ್ನು ಬರೆಯುತ್ತಿದ್ದೇನೆ. ಅದನ್ನು ಬೈಯುವುದು ಹೇಗೆ?

ಇನ್ನೊಂದು ಸಂಗತಿ ನಮ್ಮ ಮೈಸೂರಿನದೇ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ತೂಕವನ್ನು ದಶಕಗಳಿಂದ ಬರೆದಿಟ್ಟಿದ್ದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದ ವರದಿ 1996ರಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದವರಲ್ಲಿ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಹೆಚ್ಚು ಕಂಡಿತು. ತಾಯಿಯ ಹೊಟ್ಟೆಯಲ್ಲಿ ಉಂಡ ಹಸಿವು ಐವತ್ತು ವರ್ಷದ ಮೇಲೂ ಲೆಕ್ಕ ಕೇಳುತ್ತದೆ ಅಂತಾಯಿತು. ಅವ್ವ ಹುಟ್ಟಿದ್ದು 1973ರಲ್ಲಿ, ಕೇರಿಯ ಸೂಲಗಿತ್ತಿಯ ಕೈಯಲ್ಲಿ. ಅವಳನ್ನು ಯಾರೂ ತೂಗಲಿಲ್ಲ. 'ಇಷ್ಟೇ ಇಷ್ಟಿದ್ಲು, ಮೊರದಲ್ಲಿ ಮಲಗ್ಸಿದ್ರೆ ಅರ್ಧ ಮೊರ ಖಾಲಿ' ಅಂತಾಳೆ ಅಜ್ಜಿ. ಅವ್ವನ ಸಕ್ಕರೆ ಅವ್ವನ ತಟ್ಟೆಯಿಂದ ಮಾತ್ರ ಬಂದದ್ದಲ್ಲ.

ಹಾಗಂತ ತಟ್ಟೆಯ ಪಾಲು ಇಲ್ಲವೆಂದಲ್ಲ. ಅವ್ವ ಮೂವತ್ತೈದು ವರ್ಷದವರೆಗೆ ಗದ್ದೆ ಕೆಲಸ ಮಾಡಿದಳು. ನಾಟಿ, ಕಳೆ, ಕಬ್ಬು ಕಡಿತ. ಆಗ ಎರಡು ಮುದ್ದೆ ಉಂಡರೂ ಸಂಜೆಗೆ ಹೊಟ್ಟೆ ಬೆನ್ನಿಗೆ ಅಂಟುತ್ತಿತ್ತು. ಆಮೇಲೆ ಗಾರ್ಮೆಂಟ್ಸ್ ಸೇರಿದಳು. ಬೆಳಗ್ಗೆ ಏಳಕ್ಕೆ ವ್ಯಾನು, ದಿನಕ್ಕೆ ಎಂಟು ಗಂಟೆ ಕುರ್ಚಿಯ ಮೇಲೆ. ಮೂತ್ರಕ್ಕೆ ಎದ್ದರೆ ಪೀಸು ಕಮ್ಮಿಯಾಗುತ್ತೆ ಅಂತ ನೀರೂ ಕುಡಿಯುತ್ತಿರಲಿಲ್ಲ. ಮೂರು ಸಲ ಟೀ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ, ಜೊತೆಗೆ ಬನ್ನು. ತಟ್ಟೆ ಗದ್ದೆಯದೇ, ಕೆಲಸ ಮಾತ್ರ ಕುರ್ಚಿಯದು. 2013ರಲ್ಲಿ ಅನ್ನಭಾಗ್ಯ ಬಂತು. ಕೇರಿಯಲ್ಲಿ ಖಾಲಿ ಮಡಕೆ ಇಲ್ಲವಾಯಿತು. ಅದನ್ನು ಹೀಗಳೆಯುವ ಹೊಟ್ಟೆ ತುಂಬಿದವರ ಜೊತೆ ನಾನು ಸೇರುವುದಿಲ್ಲ. ಆದರೆ ತಟ್ಟೆಯಲ್ಲಿ ಅನ್ನ ಬೆಟ್ಟವಾದಷ್ಟು ಕಾಳು, ಸೊಪ್ಪು, ಮೊಟ್ಟೆ ಹೆಚ್ಚಾಗಲಿಲ್ಲ ಅನ್ನುವುದೂ ನಿಜ. ಅಕ್ಕಿ ಒಂದು ರೂಪಾಯಿಗೆ ಬಂತು, ಸೊಪ್ಪಿನ ಕಟ್ಟು ಬರಲಿಲ್ಲ.

ಎರಡನೇ ಸಲ ಶುರುಮಾಡಿದ್ದು 2023ರಲ್ಲಿ. ಈ ಸಲ ಅಜ್ಜಿಯನ್ನೂ ಕೂರಿಸಿಕೊಂಡು ಮಾತಾಡಿದೆವು. ಹೊಸದಾಗಿ ಬಂದಿದ್ದ ಒಬ್ಬ ಡಾಕ್ಟರಮ್ಮ ಮಾತ್ರೆ ಬದಲಿಸಿಕೊಟ್ಟರು. ಅವರು ಮೊದಲು ಕೇಳಿದ್ದು, 'ನಿಮ್ಮನೇಲಿ ಏನು ಅಡುಗೆ ಮಾಡ್ತೀರಮ್ಮ?' ಅಂತ. ನಮ್ಮ ಒಪ್ಪಂದ ಒಂದೇ: ಅವ್ವ ಹಸಿದು ಮಲಗಬಾರದು. ಹಸಿವನ್ನು ಇಟ್ಟುಕೊಂಡು ಇಳಿಸಿದ ತೂಕ ನಿಲ್ಲುವುದಿಲ್ಲ ಅನ್ನುವುದು ನಮಗೆ ಮೈಯಿಂದಲೇ ಗೊತ್ತಾಗಿತ್ತು.

ಮಾಡಿದ್ದು ಇಷ್ಟು. ಮೊದಲು ಬಸ್ಸಾರಿನ ಸೊಪ್ಪು, ಕಾಳು ಒಂದು ಬಟ್ಟಲು ತುಂಬ. ಆಮೇಲೆ ಮುಷ್ಟಿಯಷ್ಟು ಮುದ್ದೆ. ಮುದ್ದೆಯ ಮೇಲೆ ಎರಡು ಸಲ ಹಾಕಿಕೊಳ್ಳುತ್ತಿದ್ದ ಅನ್ನ ಭಾನುವಾರಕ್ಕೆ ಮಾತ್ರ. ದಿನಕ್ಕೊಂದು ಮೊಟ್ಟೆ. ಹುರುಳಿಕಾಳು, ಅವರೆಕಾಳು, ನುಗ್ಗೆಸೊಪ್ಪು, ವಾರಕ್ಕೊಮ್ಮೆ ಒಣಮೀನು. ಬೆಳಗ್ಗೆ ತಿಂಡಿ ಬಿಡುವಂತಿಲ್ಲ. ಟೀಯ ಸಕ್ಕರೆಯನ್ನು ಒಂದೇ ದಿನ ಬಿಡಲಿಲ್ಲ. ಎರಡು ಚಮಚ ಒಂದೂವರೆ ಆಯಿತು, ಒಂದಾಯಿತು, ಆರು ತಿಂಗಳಿಗೆ ಇಲ್ಲವಾಯಿತು. ಈಗ ಸಿಹಿ ಟೀ ಕೊಟ್ಟರೆ ಅವಳಿಗೇ ಸೇರುವುದಿಲ್ಲ.

ರಾಗಿಯ ಬಗ್ಗೆ ಒಂದು ಮಾತು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹತ್ತಿ, ಆರು ತಿಂಗಳು ಸೆರೆಯಲ್ಲಿದ್ದೂ ಕೆಡದೆ ಉಳಿದ ರಾಗಿ ಗೆಲ್ಲುತ್ತದೆ. ನಮ್ಮ ಕಾಲದಲ್ಲಿ ರಾಗಿ ತಿನ್ನುವವರು ಅಂದರೆ ಹಾಸ್ಟೆಲಿನಲ್ಲಿ ನಗುತ್ತಿದ್ದರು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂದ ಮೇಲೆ ಅದೇ ರಾಗಿ ಬಣ್ಣದ ಪೊಟ್ಟಣದಲ್ಲಿ ನಕ್ಕವರ ಮನೆ ಸೇರಿತು. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಅಂದದ್ದಕ್ಕೆ ಮಂತ್ರಿಗಿರಿ ಹೋಯಿತು. ಈಗ ನಾರು ಬೇಕು ಅಂತ ಬೂಸಾವನ್ನೇ ದುಡ್ಡು ಕೊಟ್ಟು ತರುತ್ತಾರೆ. ಇರಲಿ. ಆದರೆ ರಾಗಿ ಮಂತ್ರವಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲರಿ ಇದ್ದರೆ ರಾಗಿಯಲ್ಲಿ ಸುಮಾರು 320. ಅಂತರ ನಾರಿನಲ್ಲಿದೆ. ಅಕ್ಕಿಯಲ್ಲಿ ಮೂರು ಗ್ರಾಂ ಇಲ್ಲ, ರಾಗಿಯಲ್ಲಿ ಹನ್ನೊಂದು. ಹೊಟ್ಟೆ ಬೇಗ ತುಂಬುತ್ತದೆ, ನಿಧಾನ ಕರಗುತ್ತದೆ. ಹಾಗಂತ ಎರಡು ದೊಡ್ಡ ಮುದ್ದೆ ಮುರಿದರೆ ಸಕ್ಕರೆ ಏರದೆ ಇರುವುದಿಲ್ಲ.

ಮಾಂಸದ ಮಾತಿಗೆ ಬರುತ್ತೇನೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ಅದು ಹೆಚ್ಚು ಹೋಗದಿರಲು, ಹೊಟ್ಟೆ ಬಹಳ ಹೊತ್ತು ತುಂಬಿರಲು ಪ್ರೋಟೀನು ಬೇಕು. ಬಡವರಿಗೆ ಅಗ್ಗಕ್ಕೆ ಸಿಗುತ್ತಿದ್ದ ಪ್ರೋಟೀನು ದೊಡ್ಡ ಮಾಂಸ. 2020ರ ಕೊನೆಗೆ ವಿಧಾನಸಭೆ ಒಪ್ಪಿದ ಗೋಹತ್ಯೆ ನಿಷೇಧದ ಕಾನೂನು 2021ರಲ್ಲಿ ಜಾರಿಯಾಯಿತು. ಹದಿಮೂರು ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಮಿಕ್ಕಿದ್ದೆಲ್ಲ ಅಪರಾಧ ಅಂತಾಯಿತು. ಸಂತೆಯ ಆ ಮೂಲೆ ಖಾಲಿಯಾಯಿತು. ಅದೇ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡಲು ಹೊರಟಾಗ ಮಠಗಳಿಂದ ವಿರೋಧ ಬಂತು. ಬಡವರ ಮಕ್ಕಳ ತಟ್ಟೆಯ ಮೊಟ್ಟೆ ಕಿತ್ತುಕೊಳ್ಳುವವರೂ, ಬಡವರ ಹೆಂಗಸಿಗೆ ಬಾದಾಮಿ ತಿನ್ನು ಅನ್ನುವವರೂ ಒಂದೇ ಊರಿನವರು. ತೂಕ ಇಳಿಸುವುದು ಬಾಯಿಯ ವಿಷಯ ಮಾತ್ರ ಅಂತ ಇನ್ನೂ ಅನ್ನುತ್ತೀರಾ?

ಇನ್ನು ನಡಿಗೆ. ಅವ್ವ ಮೊದಲು ಒಪ್ಪಲಿಲ್ಲ. 'ಕೆಲಸ ಇಲ್ದೋರು ನಡೀತಾರೆ, ನಂಗೇನು ಬಂದಿರೋದು?' ಅಂದಳು. ವ್ಯಾನಿನಿಂದ ಒಂದೂವರೆ ಮೈಲಿ ಮುಂಚೆ ಇಳಿದು ಬರುವುದು ಅಂತ ಆಯಿತು. ಆ ದಾರಿ ಮೇಲಿನ ಬೀದಿ ಹಾದು ಬರುತ್ತದೆ. ಮೈಸೂರಿನಲ್ಲಿ ನಾನೊಂದು ಜೊತೆ ಕ್ಯಾನ್ವಾಸ್ ಶೂ ತಂದುಕೊಟ್ಟೆ. ಸೀರೆಯ ಕೆಳಗೆ ಬಿಳಿ ಶೂ. ಮೊದಲ ದಿನ ಜಗುಲಿಯ ಮೇಲೆ ಕೂತವರು 'ಏನವ್ವ, ಮಿಲಿಟ್ರಿ ಸೇರಿದ್ಯಾ?' ಅಂದು ನಕ್ಕರಂತೆ. ಅವ್ವ ಎರಡನೇ ದಿನ ಶೂ ಬಿಟ್ಟು ಹೋದಳು. ಅವತ್ತು ರಾತ್ರಿ ಅಜ್ಜಿ, ಅಲ್ಲಿವರೆಗೂ ನಮ್ಮ ಯಾವ ಮಾತಿಗೂ ಸೇರದಿದ್ದ ಅಜ್ಜಿ, ಮೂಲೆಯಲ್ಲಿದ್ದ ಶೂ ಎತ್ತಿ ಅವ್ವನ ಮುಂದೆ ಇಟ್ಟಳು. 'ಆ ಬೀದೀಲಿ ನಾವು ಮೆಟ್ಟು ಕೈಲಿ ಹಿಡ್ಕಂಡು ಓಯ್ತಿದ್ದೊ. ನೀನು ಹಾಕ್ಕಂಡೇ ಹೋಗು' ಅಂದಳು. ಮಾರನೇ ದಿನದಿಂದ ಅವ್ವನ ಜೊತೆ ಗಾರ್ಮೆಂಟ್ಸಿನ ಇನ್ನಿಬ್ಬರು ಇಳಿದು ನಡೆದರು. ಈಗ ಐದು ಜನ. ಜಗುಲಿಯವರು ಈಗ ನಗುವುದಿಲ್ಲ. ಅವರ ಮನೆಯ ಹೆಂಗಸರಿಗೂ ಸಕ್ಕರೆ ಇದೆ, ಅವರೂ ಡಾಕ್ಟರು ಹೇಳಿದರು ಅಂತ ನಡೆಯುತ್ತಾರೆ, ಆದರೆ ನಮ್ಮವರ ಜೊತೆ ಅಲ್ಲ.

ತೂಕ ನೋಡುವುದು ವಾರಕ್ಕೊಂದು ಸಲ, ರೇಷನ್ ಅಂಗಡಿಯ ತಕ್ಕಡಿಯಲ್ಲಿ. ಅಕ್ಕಿ ಮೂಟೆ ಇಡುವ ಕಡೆ ಅವ್ವ ನಿಲ್ಲುತ್ತಾಳೆ. 'ಅಕ್ಕಿ ತೂಗುವಾಗ ಕಮ್ಮಿ ಕೊಡ್ತಿದ್ದೆ, ನನ್ನ ತೂಗುವಾಗ ಜಾಸ್ತಿ ತೋರಿಸ್ಬೇಡ' ಅಂತ ಅಂಗಡಿಯವನಿಗೆ ಅನ್ನುತ್ತಾಳೆ. ಇದು ತಮಾಷೆಯಲ್ಲ. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಟ್ಟಿದ್ದಾರೆ. ಸುಮಾರು ಹದಿಮೂರೂವರೆ ಕೆ.ಜಿ. ಇಳಿಸಿ, ಒಂದು ವರ್ಷವಾದರೂ ಏರದಂತೆ ಉಳಿಸಿಕೊಂಡವರ ದಾಖಲೆ. ಅಂಥವರಲ್ಲಿ ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ಮೈ ಆಡಿಸುತ್ತಾರೆ, ಬೆಳಗಿನ ತಿಂಡಿ ಬಿಡುವುದಿಲ್ಲ, ಹಬ್ಬಕ್ಕೂ ವಾರದ ದಿನಕ್ಕೂ ಊಟದಲ್ಲಿ ಬಹಳ ವ್ಯತ್ಯಾಸ ಮಾಡುವುದಿಲ್ಲ, ತಮ್ಮ ತೂಕ ತಾವೇ ನೋಡಿಕೊಳ್ಳುತ್ತಿರುತ್ತಾರೆ. ಗೆದ್ದವರ ಲೆಕ್ಕ ಅದು, ಸೋತವರದ್ದಲ್ಲ. ಆದರೂ ಒಂದು ಅರ್ಥವಾಯಿತು. ಇಳಿಸುವುದು ಮೂರು ತಿಂಗಳ ಕೆಲಸ, ಉಳಿಸಿಕೊಳ್ಳುವುದು ಮುಗಿಯದ ಕೆಲಸ. ಒಂದು ಕೆ.ಜಿ. ಏರಿದಾಗ ಗೊತ್ತಾದರೆ ತಿದ್ದಬಹುದು, ಹತ್ತು ಏರಿದ ಮೇಲೆ ಗೊತ್ತಾದರೆ ಎದೆ ಒಡೆಯುತ್ತದೆ.

ಅವ್ವನ 73 ಒಂದೂವರೆ ವರ್ಷದಲ್ಲಿ 66ಕ್ಕೆ ಬಂತು. ಅಲ್ಲಿಂದ ಇಳಿಯಲಿಲ್ಲ. ನಾವೂ ಜಗ್ಗಲಿಲ್ಲ. ಮೊದಲ ದಿನದ 71ರಿಂದ ಲೆಕ್ಕ ಹಾಕಿದರೆ ಐದು ಕೆ.ಜಿ., ನೂರಕ್ಕೆ ಏಳು. ಸಕ್ಕರೆಯ ಸರಾಸರಿ 7.1. ಎತ್ತರಕ್ಕೆ ತೂಕ ಹೊಂದಿಸುವ ಪಟ್ಟಿಯ ಪ್ರಕಾರ ಅವ್ವ ಈಗಲೂ ದಪ್ಪ. ಇಂಡಿಯಾದವರಿಗೆ ಆ ಅಂಕಿ 23ರ ಒಳಗಿರಬೇಕು, ಅವ್ವನದು 29. ಆದರೆ 2002ರಲ್ಲಿ ಅಮೆರಿಕದಲ್ಲಿ, ಸಕ್ಕರೆಯ ಅಂಚಿನಲ್ಲಿದ್ದ ಮೂರು ಸಾವಿರ ಚಿಲ್ಲರೆ ಜನರ ಮೇಲೆ ನಡೆದ ಅಧ್ಯಯನದಲ್ಲಿ ಇಟ್ಟುಕೊಂಡ ಗುರಿ ಇದೇ, ನೂರಕ್ಕೆ ಏಳು. ಅದರ ಜೊತೆ ನಡಿಗೆ. ಕಾಯಿಲೆಗೆ ಬೀಳುವುದು ನೂರಕ್ಕೆ 58ರಷ್ಟು ತಗ್ಗಿತು. 2006ರಲ್ಲಿ ಚೆನ್ನೈನವರು ಅಂಥದೇ 531 ಜನರ ವಿಷಯ ಬರೆದರು. ಊಟ ತಿದ್ದಿ ನಡೆದವರಲ್ಲಿ ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಕಾಯಿಲೆ ನೂರಕ್ಕೆ 28ರಷ್ಟು ಕಡಿಮೆಯಾಯಿತು. ಅವ್ವನಿಗೆ ಕಾಯಿಲೆ ಬಂದಾಗಿತ್ತು, ನಿಜ. ಆದರೂ ತಕ್ಕಡಿಯ ಮುಳ್ಳು ಒಂದೇ ಸತ್ಯವಲ್ಲ ಅನ್ನುವುದಕ್ಕೆ ನನಗೆ ಇಷ್ಟು ಸಾಕು.

2025ರಲ್ಲಿ ತೂಕ ಇಳಿಸುವ ಚುಚ್ಚುಮದ್ದು ಇಂಡಿಯಾದ ಅಂಗಡಿಗಳಿಗೂ ಬಂತು. ಅವು ಸುಳ್ಳಲ್ಲ. ಹಸಿವಿನ ಕೂಗನ್ನೇ ತಗ್ಗಿಸುತ್ತವೆ, ತೂಕ ಇಳಿಯುತ್ತದೆ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದದ್ದರ ಮೂರನೇ ಎರಡು ಪಾಲು ವಾಪಸು ಬಂತು ಅಂತ 2022ರ ವರದಿ ಹೇಳಿತು. ಮೈ ಬಿಟ್ಟುಕೊಡುವುದಿಲ್ಲ ಅನ್ನುವುದಕ್ಕೆ ಇದೂ ಸಾಕ್ಷಿ. ಮನಸ್ಸು ಗಟ್ಟಿ ಇಲ್ಲ ಅಂದವರು ಇದನ್ನು ಓದಬೇಕು.

ಡಾಕ್ಟರೇ, ನಮ್ಮವರಿಗೆ ಬಾಯಿ ಕಟ್ಟು ಅನ್ನಬೇಡಿ. ಏನು ಉಣ್ಣುತ್ತೀಯ ಅಂತ ಕೇಳಿ, ಕೇಳುವಾಗ ಮೂಗು ಮುರಿಯಬೇಡಿ. ಪಟ್ಟಿಯನ್ನು ಕನ್ನಡದಲ್ಲಿ ಬರೆಯಿರಿ, ಅದರಲ್ಲಿ ಹುರುಳಿ, ಒಣಮೀನು, ಬಾಡು ಇರಲಿ. ಮಾತ್ರೆ ನುಂಗಿ ಊಟ ಬಿಟ್ಟರೆ ಏನಾಗುತ್ತದೆ ಅಂತ ಮೊದಲೇ ಹೇಳಿ. ಗೆಳೆಯರೇ, ನಾವು ಕೂಲಿಗಾಗಿ, ಭೂಮಿಗಾಗಿ ಕೂಗಿದ ಹಾಗೆ ಕುರ್ಚಿಯಿಂದ ಏಳುವ ಹತ್ತು ನಿಮಿಷಕ್ಕಾಗಿ, ಕುಡಿಯುವ ನೀರಿಗಾಗಿ, ರೇಷನ್ನಿನ ಕಾಳಿಗಾಗಿ, ಮಕ್ಕಳ ಮೊಟ್ಟೆಗಾಗಿ, ಹೆಂಗಸರು ನಡೆಯುವ ದಾರಿಗಾಗಿ ಕೂಗಬೇಕು. ಬೊಜ್ಜು ಕಂಡರೆ ಧಣಿ ಅಂತ ಬರೆಯುತ್ತಿದ್ದ ನನ್ನ ಕವಿತೆಗಳನ್ನು ನಾನು ತಿದ್ದುತ್ತಿದ್ದೇನೆ.

ಹೋದ ತಿಂಗಳು ಮಾರಿಹಬ್ಬ. ಅವ್ವ ಎರಡು ದಿನ ಚೆನ್ನಾಗಿ ಉಂಡಳು, ನಾವು ಯಾರೂ ಏನೂ ಅನ್ನಲಿಲ್ಲ. ಅಜ್ಜಿ ಮೂರನೇ ಸಲ ಬಡಿಸಲು ಬಂದಾಗ ಅವಳೇ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು 'ಸಾಕು ಕಣವ್ವ, ಹೊಟ್ಟೆ ತುಂಬ್ತು' ಅಂದಳು. ಅಜ್ಜಿ ನಕ್ಕಳು. ಆ ವಾರ ತಕ್ಕಡಿಯಲ್ಲಿ 67 ತೋರಿಸಿತು. ಈ ವಾರ 66 ಮುನ್ನೂರು. ಬರುವ ಭಾನುವಾರ ಮತ್ತೆ ನೋಡಬೇಕು.